ಕನ್ನೆ ಸೊಪ್ಪಿಗೂ ಒಂದು ಪಾತಿ

ನೀಲಿ ಹೂವಿನ ಗಿಡ ಬೇಕು ಅಂತ ನರ್ಸರಿಯಲ್ಲಿ ಕೇಳಿದಾಗೆಲ್ಲ ಬ್ಲೂ ಡೇಜ್ ತೋರಿಸುತ್ತಾರೆ. ಚೆಂದದ ಗಿಡವೇ, ಆದರೆ ಅದು ದಕ್ಷಿಣ ಅಮೆರಿಕದ್ದು. ಅದರ ಹತ್ತಿರದ ಬಂಧು ವಿಷ್ಣುಕ್ರಾಂತಿ ನಮ್ಮ ತುಮಕೂರು ಕಡೆಯ ಕಲ್ಲುಗುಡ್ಡಗಳಲ್ಲಿ, ದನ ಮೇಯುವ ಬಯಲಲ್ಲಿ ತಾನಾಗಿ ಬೆಳೆಯುತ್ತದೆ. ಉಗುರಿನಷ್ಟು ಹೂವು, ಆದರೆ ಎಂಥಾ ನೀಲಿ! ಇಂಥ ಹೂಗಳಿಗೇ ಅಂತ ನಮ್ಮ ಹಿತ್ತಲಲ್ಲಿ ಒಂದು ಪಾತಿ ಬಿಟ್ಟಿದ್ದೇನೆ.

ಬೇಲಿಗೆ ಶಂಖಪುಷ್ಪ ಹಬ್ಬಿದೆ. ಅದರ ಬೀಜ ಗಟ್ಟಿ, ರಾತ್ರಿಯಿಡೀ ನೆನೆಸಿ ಹಾಕಿದರೆ ಬೇಗ ಮೊಳೆಯುತ್ತದೆ. ವಿಷ್ಣುಕ್ರಾಂತಿಗೆ ಬಿಸಿಲು ಜಾಸ್ತಿ ಬೀಳುವ ಕಡೆ ಜಲ್ಲಿ ಬೆರೆಸಿದ ಮಣ್ಣು. ಗೊಬ್ಬರ ಹಾಕುವುದಿಲ್ಲ. ಹಾಕಿದರೆ ಹುಲ್ಲು ಕೊಬ್ಬಿ ಎದ್ದು, ನೆಲಕ್ಕಂಟಿಕೊಂಡಿರುವ ಆ ಪುಟ್ಟ ಗಿಡವನ್ನು ಮುಚ್ಚಿಬಿಡುತ್ತದೆ. ಬಟ್ಟೆ ಒಗೆದ ನೀರು ಹರಿಯುವ ಮೂಲೆಯಲ್ಲಿ ಕನ್ನೆ ಸೊಪ್ಪು. ಅದನ್ನು ಯಾರೂ ನೆಟ್ಟಿದ್ದಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಹಿತ್ತಲು ಚೊಕ್ಕ ಮಾಡಲು ಒಬ್ಬರು ಅಜ್ಜಿ ಬಂದಿದ್ದರು. ಕುಡುಗೋಲು ಹಿಡಿದು ನೇರ ಆ ಮೂಲೆಗೇ ಹೋಗಿ ಕೂತರು.

"ಅದನ್ನ ಬಿಡಿ ಅಜ್ಜಿ, ಹೂವಿಗೆ ಅಂತ ನಾನೇ ಬಿಟ್ಕೊಂಡಿರೋದು" ಅಂದೆ.

"ಕನ್ನೆ ಸೊಪ್ಪನ್ನ ಯಾರಾದ್ರೂ ಸಾಕ್ತಾರೇನಮ್ಮ? ರಾಗಿ ಹೊಲದಾಗೆ ಇದನ್ನ ಕೀಳೋದ್ರಲ್ಲೇ ನಮ್ ಸೊಂಟ ಹೋಯ್ತು."

ಹಾಗೆನ್ನುತ್ತಲೇ ಒಂದು ಗಿಡವನ್ನು ಬುಡಸಮೇತ ಎಬ್ಬಿಸಿ, ಮಣ್ಣು ಕೊಡವಿ ನನ್ನ ಕೈಗೆ ಕೊಟ್ಟರು. ಬೇರಿನ ನಡುವೆ ಬಿಳಿ ಎಳೆಗಳು. ಅವುಗಳ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳು. "ನೋಡು, ಮಣ್ಣೊಳಗೂ ಕಾಯಿ ಕಟ್ಟೈತೆ. ಮೇಲಿಂದ ಕಿತ್ರೆ ಎಲ್ಲೋಗ್ತದೆ ಇದು?"

ಈ ಗಿಡ ನೆಲದಡಿಯಲ್ಲೂ ಹೂ ಬಿಡುತ್ತದೆ ಅಂತ ಓದಿದ್ದೆ. ಕಣ್ಣಾರೆ ಕಂಡಿದ್ದು ಅವತ್ತೇ. ಆ ಹೂಗಳು ಅರಳುವುದೇ ಇಲ್ಲ. ಮುಚ್ಚಿದ ಮೊಗ್ಗಿನೊಳಗೇ ತಮ್ಮ ಪರಾಗದಿಂದ ತಾವೇ ಬೀಜ ಕಟ್ಟುತ್ತವೆ. ಹುಳು ಬರುವುದು ಮೇಲಿನ ನೀಲಿ ಹೂವಿಗೆ ಮಾತ್ರ. ಅದರಲ್ಲಿ ಮಕರಂದ ಇಲ್ಲ, ಹಳದಿ ಕೇಸರಗಳನ್ನು ತೋರಿಸಿಯೇ ಕರೆಯುತ್ತದೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂಟಿ ಜೇನೊಂದು ಆಗ ಅಲ್ಲೇ ಗುಂಯ್‌ಗುಡುತ್ತಿತ್ತು. ಬೆಳಗ್ಗೆ ಅರಳಿದ ಹೂವು ಮಧ್ಯಾಹ್ನದ ಹೊತ್ತಿಗೆ ಕರಗಿದಂತೆ ಮುದುಡುತ್ತದೆ. ಜೇನು ಬಾರದಿದ್ದರೂ, ಮಳೆ ಹಿಡಿದುಕೊಂಡರೂ ಮಣ್ಣಿನೊಳಗಿನ ಬೀಜಕ್ಕೆ ಮೋಸವಿಲ್ಲ. ರಾಗಿ ಬೆಳೆಯುವವರಿಗೆ ಇದು ಎಷ್ಟು ಕಷ್ಟ ಕೊಟ್ಟಿರಬೇಕು ಅನ್ನುವುದೂ ಆಗಲೇ ಅರ್ಥವಾಗಿದ್ದು. ಅಜ್ಜಿಯ ಸಿಟ್ಟು ಸುಮ್ನೆ ಬಂದಿದ್ದಲ್ಲ.

ಆದರೂ ಅವರು ಉಳಿದ ಗಿಡಗಳನ್ನು ಕೀಳಲಿಲ್ಲ. ಎಳೆ ಕುಡಿಗಳನ್ನಷ್ಟೇ ಚಿವುಟಿ ಸೆರಗಿಗೆ ಹಾಕಿಕೊಂಡರು. ಬೇಲಿ ಸಂದಿಯಲ್ಲಿದ್ದ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪೂ ಅದರ ಜೊತೆ ಸೇರಿದವು. ಬೆರಕೆ ಸೊಪ್ಪಿನ ಸಾರಿಗೆ ಕನ್ನೆ ಸೊಪ್ಪು ಇರಲೇಬೇಕಂತೆ. "ಕಲ್ಲಿನ ಕಡೆ ಹೋಗಾಕೆ ಬಿಡಬೇಡ, ಆ ಸಣ್ಣ ಹೂವಿನ ಗಿಡನ ತಿಂದಾಕ್ತದೆ" ಅಂತ ಎಚ್ಚರಿಸಿ, ಎರಡರ ನಡುವೆ ತಾವೇ ಇಟ್ಟಿಗೆ ಸಾಲು ಜೋಡಿಸಿ ಕೊಟ್ಟರು. ವಿಷ್ಣುಕ್ರಾಂತಿಯ ಬಗ್ಗೆ ಅವರಿಗೆ ನನಗಿಂತ ಜಾಸ್ತಿ ಕಾಳಜಿ ಇತ್ತು.

ಹಬ್ಬದ ದಿನ ಅರಿಶಿನ-ಕುಂಕುಮಕ್ಕೆ ಎಲ್ಲರೂ ಬಂದಿದ್ದು ಸಂಜೆ. ಆಗ ಪಾತಿಯಲ್ಲಿ ಬರೀ ಹಸಿರು. ವಿಷ್ಣುಕ್ರಾಂತಿಯೂ ಮಧ್ಯಾಹ್ನ ದಾಟಿದರೆ ಮುಚ್ಚಿಕೊಳ್ಳುತ್ತದೆ, ಅಲ್ವಾ? ತೋರಿಸದೆ ಇರಲು ನನಗೆ ಮನಸ್ಸಾಗಲಿಲ್ಲ. ಮಾರನೆಯ ಬೆಳಗ್ಗೆ ಪಕ್ಕದ ಮನೆಯವರನ್ನು ಕರೆದೆ. ಅವರು ಕಾಫಿ ಲೋಟ ಹಿಡಿದು ಬಂದು ಬಹಳ ಹೊತ್ತು ಪಾತಿಯ ಮುಂದೆ ಕೂತರು. ಆಮೇಲೆ ಕೇಳಿದ್ದು ಕನ್ನೆ ಸೊಪ್ಪಿನ ಒಂದು ತುಂಡನ್ನೇ. ಒಂದು ಗೆಣ್ಣಿದ್ದರೂ ಸಾಕು, ಬೇರು ಬಿಡುತ್ತದೆ. ಕುಂಡದಲ್ಲೇ ಇಡಿ, ನೆಲಕ್ಕೆ ಇಳಿಸಬೇಡಿ ಅಂತ ಹೇಳಿಯೇ ಕೊಟ್ಟೆ.