ರಜೆ ಬೇಡುವುದಿಲ್ಲ, ಸಂಬಳವೂ ಬರುವುದಿಲ್ಲ

ಶ್ರೀನಿವಾಸಪುರದ ಮಾವಿನ ಸುಗ್ಗಿಗೆ ನಾನು ಊರಲ್ಲಿ ಇರುತ್ತೇನೆ ಅಂದರೆ ಅದು ನನ್ನ ಕೆಲಸದ ದಯೆ. ಅಮೆರಿಕದಲ್ಲಿ ನಾನು ಟ್ರಾವೆಲ್ ನರ್ಸ್. ಒಂದು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 13 ವಾರ, ಆಮೇಲೆ ಇನ್ನೊಂದು ಊರು. ನಡುವೆ ಎಷ್ಟು ದಿನ ಬಿಡುವು ಬೇಕೋ ನನ್ನಿಷ್ಟ. ಕೋಲಾರದಲ್ಲಿ ಸ್ಟಾಫ್ ನರ್ಸ್ ಆಗಿದ್ದಾಗ ಯುಗಾದಿಗೆ ಒಂದು ದಿನ ರಜೆ ಕೇಳಲು ಮೇಟ್ರನ್ ರೂಮಿನ ಮುಂದೆ ಕೈಕಟ್ಟಿ ನಿಂತವಳು ನಾನು!

ಊರಿಗೆ ಬಂದರೆ ನರ್ಸಿಂಗ್ ಓದುವ ಅಕ್ಕಪಕ್ಕದ ಹುಡುಗಿಯರು, "ಅಕ್ಕಾ, ಎಷ್ಟು ಕೊಡ್ತಾರೆ?" ಅಂತಲೇ ಶುರು ಮಾಡುತ್ತಾರೆ. ಕಾಯಂ ನರ್ಸಿಗಿಂತ ಸಾಮಾನ್ಯವಾಗಿ ಜಾಸ್ತಿಯೇ ಕೊಡುತ್ತಾರೆ. ಆದರೆ ಈ ಕೆಲಸ ಕೊಡಿಸುವ ಏಜೆನ್ಸಿಯವರು ಹೇಳುವ ವಾರದ ಮೊತ್ತದಲ್ಲಿ ಗಂಟೆಯ ಲೆಕ್ಕದ ಸಂಬಳ ಒಂದು ಪಾಲು, ಬಾಡಿಗೆ ಮತ್ತು ಊಟದ ಭತ್ಯೆ ಇನ್ನೊಂದು ಪಾಲು. ಆ ಭತ್ಯೆಗೆ ತೆರಿಗೆ ಬೀಳಬಾರದು ಅಂದರೆ, ನಾವು ನಿಜವಾಗಿ ಖರ್ಚು ಹಾಕುವ ಕಾಯಂ ಮನೆ ಬೇರೆ ಕಡೆ ಇರಬೇಕು. ಅಂದರೆ ಎರಡೆರಡು ಬಾಡಿಗೆ. ಊರಿಗೆ ಬಂದು ಕೂತ ದಿನಗಳಿಗೆ ನಯಾಪೈಸೆ ಇಲ್ಲ. ನನ್ನ ಏಜೆನ್ಸಿಯಲ್ಲಿ ಕಾಂಟ್ರಾಕ್ಟ್ ಮುಗಿದರೆ ಹೆಲ್ತ್ ಇನ್ಶೂರೆನ್ಸೂ ಮುಗಿಯುತ್ತದೆ. ಇದನ್ನು ಕೇಳಿದಾಗೆಲ್ಲ ಅಮ್ಮ, "ಗೌರ್ಮೆಂಟ್ ಕೆಲಸ ಆಗಿದ್ದಿದ್ರೆ..." ಅಂತ ಅರ್ಧಕ್ಕೇ ನಿಲ್ಲಿಸುತ್ತಾರೆ. ಉಳಿದರ್ಧ ನನಗೆ ಬಾಯಿಪಾಠ.

ದುಡ್ಡಿನ ಲೆಕ್ಕಕ್ಕಿಂತ ನನಗೆ ಕಷ್ಟ ಅನ್ನಿಸುವುದು ಮೊದಲ ಡ್ಯೂಟಿ. ಓರಿಯೆಂಟೇಶನ್ ಅಂತ ಒಂದೆರಡು ದಿನ ಸಿಕ್ಕರೆ ಪುಣ್ಯ. ವಾರ್ಡಿಗೆ ಕಾಲಿಟ್ಟ ಕೂಡಲೇ ನಾನು ಹುಡುಕುವುದು ಕ್ರ್ಯಾಶ್ ಕಾರ್ಟ್, ಅಂದರೆ ರೋಗಿಯ ಹೃದಯ ನಿಂತರೆ ತುರ್ತಾಗಿ ಬೇಕಾದದ್ದೆಲ್ಲ ಇಟ್ಟಿರುವ ಗಾಡಿ. ಎಲ್ಲಿ ನಿಲ್ಲಿಸಿದ್ದಾರೆ, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ನಾನು ಬಳಸಿದ ಥರದ್ದೇನಾ, ಗಂಟಲ ಕಫ ತೆಗೆಯುವ ಸಕ್ಷನ್ ಎಳೆಯುತ್ತಾ. ಆಮೇಲೆ ಔಷಧಿ. ಅಲ್ಲಿ ಔಷಧಿ ಬೀರುವೇ ಒಂದು ಕಂಪ್ಯೂಟರ್. ಲಾಗಿನ್ ಆಗಿ ರೋಗಿಯ ಹೆಸರು ಒತ್ತಿದರೆ ಬೇಕಾದ ಡ್ರಾಯರ್ ತೆರೆಯುತ್ತದೆ. ಹೊಸದಾಗಿ ಬಂದವಳ ಲಾಗಿನ್ ಎಷ್ಟೋ ಸಲ ಇನ್ನೂ ಆಗಿರುವುದೇ ಇಲ್ಲ. ಆಪರೇಷನ್ ಆದ ರೋಗಿ ನೋವು ಅಂತ ಬೆಲ್ ಒತ್ತುತ್ತಲೇ ಇರುತ್ತಾರೆ. ಪಕ್ಕದ ನರ್ಸನ್ನು ಗೋಗರೆಯಬೇಕು. ಆಕೆಗೆ ನಾನು ಯಾರೋ. ತನಗಿಂತ ಜಾಸ್ತಿ ದುಡ್ಡು ಎಣಿಸುತ್ತೇನೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು! ಇನ್ನೊಂದು ವಾರ್ಡಲ್ಲಿ ನರ್ಸ್‌ಗಳು ಸಾಲದೆ ಬಂದರೆ ಮೊದಲು ಎಬ್ಬಿಸಿ ಕಳಿಸುವುದೂ ನಮ್ಮನ್ನೇ.

ಹಾಗಂತ ಯಾರೋ ಆಗಿರುವುದರಲ್ಲಿ ಸುಖವೂ ಇದೆ. ಇನ್‌ಚಾರ್ಜ್‌ಗೂ ಡಾಕ್ಟರಿಗೂ ಯಾಕೆ ಮಾತಿಲ್ಲ ಅನ್ನುವುದು ನನಗೆ ಬೇಡದ ವಿಷಯ. ಡ್ಯೂಟಿ ಮುಗಿಯಿತು, ಬ್ಯಾಗ್ ಎತ್ತಿಕೊಂಡೆ, ಹೊರಟೆ.

ನನಗೆ ಕ್ಯಾಲಿಫೋರ್ನಿಯಾ ಇಷ್ಟ. ಬೀಚಿಗಲ್ಲ. ಅಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಅನ್ನುವುದಕ್ಕೆ 2004ರಿಂದ ಕಾನೂನೇ ಜಾರಿಯಲ್ಲಿದೆ. ಐಸಿಯುನಲ್ಲಿ 2ಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಇಲ್ಲಿ ನೈಟ್ ಡ್ಯೂಟಿಯಲ್ಲಿ ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಂಡವಳಿಗೆ ಅದು ಸ್ವರ್ಗವೇ ಅಲ್ವಾ? ಆದರೆ ಒಂದೇ ಲೈಸೆನ್ಸಲ್ಲಿ ಹಲವು ರಾಜ್ಯ ಸುತ್ತುವ ಒಪ್ಪಂದಕ್ಕೆ ಆ ರಾಜ್ಯ ಸೇರಿಲ್ಲ. ಬೇರೆ ಲೈಸೆನ್ಸ್ ಮಾಡಿಸಬೇಕು. ಅದರ ಓಡಾಟ ಸಾಕಪ್ಪಾ ಸಾಕು.

ಹುಡುಗಿಯರಿಗೆ ನಾನು ಹೇಳುವುದಿಷ್ಟು. ಅಮೆರಿಕದ ನರ್ಸಿಂಗ್ ಲೈಸೆನ್ಸಿಗೆ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾದ ಕೂಡಲೇ ಇದಕ್ಕೆ ಹಾರಬೇಡಿ. ಒಂದೆರಡು ವರ್ಷ ಒಂದೇ ಕಡೆ ಕೈ ಪಳಗಲಿ; ಹೊಸ ವಾರ್ಡಲ್ಲಿ ಕಲಿಸುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಕಾಂಟ್ರಾಕ್ಟಲ್ಲಿ ವಾರಕ್ಕೆ ಎಷ್ಟು ಗಂಟೆ ಗ್ಯಾರಂಟಿ, ರೋಗಿಗಳು ಕಡಿಮೆ ಅಂತ ಡ್ಯೂಟಿ ರದ್ದು ಮಾಡಿದರೆ ದುಡ್ಡು ಬರುತ್ತಾ, ಇವೆರಡನ್ನೂ ಓದಿಯೇ ಸಹಿ ಹಾಕಿ. ಫೋನಲ್ಲಿ ಏಜೆನ್ಸಿಯವರು "ಆಯ್ತು, ಆಯ್ತು" ಅಂದದ್ದನ್ನು ನಂಬಿಕೊಂಡು ಕೂರಬೇಡಿ.