ಮಾರ್ಲಿ ಮಾರ್ಲ್: ಹಳೆಯ ರೆಕಾರ್ಡಿನಿಂದ ಡ್ರಮ್ ಬಿಡಿಸಿಕೊಂಡ ಎಂಜಿನಿಯರ್

ಹಿಪ್ ಹಾಪ್ ಕೇಳುವ ಎಲ್ಲರಿಗೂ ರ‍್ಯಾಪ್ ಮಾಡುವವರ ಹೆಸರು ಗೊತ್ತಿರುತ್ತದೆ, ಸ್ವಲ್ಪ ಆಳಕ್ಕಿಳಿದವರಿಗೆ ಬೀಟ್ ಕಟ್ಟಿದವರ ಹೆಸರೂ ಗೊತ್ತಿರುತ್ತದೆ. ಆದರೆ ಆ ಬೀಟಿನ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಎದೆಗೆ ತಾಗುವಂತೆ, ಸ್ನೇರ್ (ಕೋಲಿನಿಂದ ಬಾರಿಸುವ ಚುರುಕು ಸದ್ದಿನ ಡ್ರಮ್) ಮಾತನ್ನು ಮುಚ್ಚದಂತೆ ಮಿಕ್ಸ್ ಮಾಡಿದ ಎಂಜಿನಿಯರ್ ಯಾರೆಂದು ವಿಚಾರಿಸುವವರು ಬಹಳ ಕಡಿಮೆ. ಮನೆಯಲ್ಲೇ ಒಂದಿಷ್ಟು ಮಿಕ್ಸಿಂಗ್ ಮಾಡಿಕೊಂಡಿರುವ ನನಗೆ ಈ ಮೂರನೆಯವರ ಮೇಲೆ ಮೊದಲಿನಿಂದಲೂ ಪಕ್ಷಪಾತವಿದೆ. ಬೀಟ್ ಕಟ್ಟುವುದು ಮತ್ತು ಧ್ವನಿಮುದ್ರಣದ ಎಂಜಿನಿಯರಿಂಗ್ ಎರಡನ್ನೂ ಒಬ್ಬರೇ ಮಾಡಿ, ಎರಡನೆಯದರ ತಿಳಿವಳಿಕೆಯಿಂದಲೇ ಮೊದಲನೆಯದರ ದಿಕ್ಕನ್ನು ಬದಲಾಯಿಸಿದವರು ನ್ಯೂಯಾರ್ಕಿನ ಮಾರ್ಲಿ ಮಾರ್ಲ್. ಅವರ ವೃತ್ತಿಜೀವನವನ್ನು ಒಬ್ಬ ಎಂಜಿನಿಯರನ ಕಥೆಯಾಗಿ ಓದಿದರೆ ಮಾತ್ರ ಅದು ಸರಿಯಾಗಿ ಅರ್ಥವಾಗುತ್ತದೆ ಎಂಬುದು ನನ್ನ ಅನಿಸಿಕೆ.

ಅವರ ನಿಜನಾಮ ಮಾರ್ಲನ್ ವಿಲಿಯಮ್ಸ್. ಹುಟ್ಟಿದ್ದು 1962ರಲ್ಲಿ, ಬೆಳೆದದ್ದು ಕ್ವೀನ್ಸ್ ಪ್ರಾಂತದ ಕ್ವೀನ್ಸ್‌ಬ್ರಿಜ್ ಹೌಸಸ್‌ನಲ್ಲಿ. 1939ರಲ್ಲಿ ತೆರೆದ ಈ ಸರ್ಕಾರಿ ವಸತಿ ಸಮುಚ್ಚಯದಲ್ಲಿ 96 ಕಟ್ಟಡಗಳೂ ಮೂರು ಸಾವಿರಕ್ಕೂ ಹೆಚ್ಚು ಮನೆಗಳೂ ಇವೆ. ಅಮೆರಿಕದಲ್ಲಿ ಈ ಬಗೆಯ ವಸತಿಗಳ ಪೈಕಿ ಇದೇ ಅತಿ ದೊಡ್ಡದು. ಇಲ್ಲಿಂದಲೇ ಮುಂದೆ ರ‍್ಯಾಪರ್ ನಾಸ್ ಮತ್ತು ಮಾಬ್ ಡೀಪ್ ತಂಡದವರು ಬಂದರು. ಹುಡುಗನಾಗಿದ್ದಾಗ ಡಿಜೆಯಾಗಿ ರೆಕಾರ್ಡ್ ತಿರುಗಿಸುತ್ತಿದ್ದ ಮಾರ್ಲಿ, ಮ್ಯಾನ್‌ಹಟನ್ನಿನ ಯುನೀಕ್ ರೆಕಾರ್ಡಿಂಗ್ ಸ್ಟುಡಿಯೋಸ್‌ಗೆ ಇಂಟರ್ನ್ ಆಗಿ ಸೇರಿದರು. ಆ ಕಾಲದಲ್ಲಿ ಅಲ್ಲಿ ಹೊಸ ಸಿಂಥಸೈಜರ್‌ಗಳೂ ಸ್ಯಾಂಪ್ಲರ್‌ಗಳೂ (ಸದ್ದಿನ ತುಣುಕನ್ನು ಹಿಡಿದಿಟ್ಟು ಬೇಕಾದಾಗ ನುಡಿಸುವ ಯಂತ್ರಗಳು) ತುಂಬಿದ್ದವು. ಅವುಗಳಲ್ಲಿ ಕೆಲವುಗಳ ಬೆಲೆ ಕ್ವೀನ್ಸ್‌ಬ್ರಿಜ್‌ನ ಯಾವ ಹುಡುಗನೂ ಕನಸಿನಲ್ಲಿಯೂ ಕೊಡಲಾರದಷ್ಟಿತ್ತು. ಇಂಟರ್ನ್ ಆದವನಿಗೆ ಸಂಬಳಕ್ಕಿಂತ ದೊಡ್ಡ ಲಾಭವೆಂದರೆ ಇಂಥ ಯಂತ್ರಗಳ ಹತ್ತಿರ ಕೂರುವ ಅವಕಾಶ, ಮತ್ತು ಮಾರ್ಲಿ ಅದನ್ನು ಪೂರ್ತಿಯಾಗಿ ಬಳಸಿಕೊಂಡರು.

ಅವರು ಮಾಡಿದ್ದೇನು ಎಂದು ತಿಳಿಯಬೇಕಾದರೆ ಆಗಿನ ರ‍್ಯಾಪ್ ರೆಕಾರ್ಡುಗಳಲ್ಲಿ ಡ್ರಮ್ ಎಲ್ಲಿಂದ ಬರುತ್ತಿತ್ತು ಎಂಬುದನ್ನು ನೋಡಬೇಕು. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಪಾರ್ಟಿಗಳಲ್ಲಿ ಡಿಜೆಗಳು ಹಳೆಯ ಫಂಕ್ ರೆಕಾರ್ಡುಗಳ ‘ಬ್ರೇಕ್’ ಭಾಗವನ್ನು, ಅಂದರೆ ಉಳಿದ ವಾದ್ಯಗಳೆಲ್ಲ ನಿಂತು ಡ್ರಮ್ ಮಾತ್ರ ನುಡಿಯುವ ಕೆಲವು ಸೆಕೆಂಡುಗಳನ್ನು, ಎರಡು ಟರ್ನ್‌ಟೇಬಲ್ ಇಟ್ಟುಕೊಂಡು ಮತ್ತೆ ಮತ್ತೆ ನುಡಿಸುತ್ತಿದ್ದರು. ಕುಣಿಯುವವರು ಕಾಯುತ್ತಿದ್ದುದೇ ಆ ಭಾಗಕ್ಕೆ. ಆದರೆ 1979ರ ಸುಮಾರಿಗೆ ರ‍್ಯಾಪ್ ರೆಕಾರ್ಡುಗಳು ಹೊರಬರತೊಡಗಿದಾಗ ಸ್ಟುಡಿಯೊದಲ್ಲಿ ವಾದ್ಯಗಾರರನ್ನು ಕೂರಿಸಿ ಹೊಸದಾಗಿ ನುಡಿಸಿದರು. ಪಾರ್ಟಿಯಲ್ಲಿದ್ದ ಆ ಹಳೆಯ ಡ್ರಮ್ಮಿನ ಒರಟುತನ ಅಲ್ಲಿಗೆ ಬರಲಿಲ್ಲ. ಆಮೇಲೆ ಡ್ರಮ್ ಮೆಷೀನುಗಳ ಕಾಲ ಬಂತು. 1982ರ ‘ಪ್ಲಾನೆಟ್ ರಾಕ್’ನಲ್ಲಿ ರೋಲೆಂಡ್ ಟಿಆರ್-808, 1983ರಲ್ಲಿ ರನ್-ಡಿಎಂಸಿಯ ‘ಸಕರ್ ಎಂಸೀಸ್’ನಲ್ಲಿ ಓಬರ್‌ಹೈಮ್ ಡಿಎಂಎಕ್ಸ್. ಇವು ಗಟ್ಟಿಯಾಗಿದ್ದವು, ಸ್ವಚ್ಛವಾಗಿದ್ದವು, ಮತ್ತು ಎಲ್ಲರ ರೆಕಾರ್ಡಿನಲ್ಲಿಯೂ ಒಂದೇ ರೀತಿ ಕೇಳಿಸುತ್ತಿದ್ದವು, ಏಕೆಂದರೆ ಸದ್ದುಗಳನ್ನು ಕಾರ್ಖಾನೆಯೇ ತುಂಬಿ ಕಳಿಸುತ್ತಿತ್ತು.

1980ರ ದಶಕದ ಮೊದಲರ್ಧದಲ್ಲಿ ಒಂದು ರೆಕಾರ್ಡಿಂಗ್ ನಡೆಯುತ್ತಿದ್ದಾಗ ಮಾರ್ಲಿ ಹಳೆಯ ರೆಕಾರ್ಡೊಂದರಿಂದ ಒಂದು ತುಣುಕನ್ನು ಸ್ಯಾಂಪ್ಲರಿಗೆ ಹಿಡಿಯಲು ಹೊರಟಿದ್ದರು. ಹಿಡಿಯುವ ಕ್ಷಣ ಸ್ವಲ್ಪ ಹಿಂದುಮುಂದಾಗಿ, ಬೇಕಾಗಿದ್ದ ತುಣುಕಿನ ಮುಂದೆ ಒಂದು ಸ್ನೇರ್ ಪೆಟ್ಟು ಸೇರಿಕೊಂಡಿತು. ಅದನ್ನು ಕತ್ತರಿಸಿ ತೆಗೆಯುವ ಮುನ್ನ, ಓಡುತ್ತಿದ್ದ ಬೀಟಿನ ಮೇಲೆ ಅದನ್ನು ಒತ್ತಿ ನೋಡಿದಾಗ ಡ್ರಮ್ ಮೆಷೀನಿನ ಸ್ನೇರಿಗಿಂತ ಇದೇ ಚೆನ್ನಾಗಿದೆ ಎಂದು ಅವರಿಗೆ ಅನ್ನಿಸಿತು. ಈ ಪ್ರಸಂಗವನ್ನು ಅವರು ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಇದನ್ನು ಆಕಸ್ಮಿಕವೆಂದು ಕರೆದು ಮುಂದೆ ಹೋಗುವುದು ವಾಡಿಕೆ, ಆದರೆ ನನಗೆ ಅದು ಅಷ್ಟು ಸರಿಯೆನಿಸುವುದಿಲ್ಲ. ತಪ್ಪಾಗಿ ಕತ್ತರಿಸಿದ ಸ್ಯಾಂಪಲ್ ಆಗ ಎಷ್ಟೋ ಸ್ಟುಡಿಯೊಗಳಲ್ಲಿ ದಿನಕ್ಕೆ ಹತ್ತು ಬಾರಿ ಆಗುತ್ತಿದ್ದಿರಬೇಕು. ಆ ಪೆಟ್ಟಿನಲ್ಲಿ ಹಳೆಯ ಕೋಣೆಯ ಗುಂಗು, ಟೇಪಿನ ಬಿಸುಪು, ವಿನೈಲ್ ಗೀರುಗಳ ಮಣ್ಣುತನ ಎಲ್ಲವೂ ಒಟ್ಟಿಗೆ ಬಂದಿದೆ ಎಂದು ಗುರುತಿಸಲು ಒಬ್ಬ ಎಂಜಿನಿಯರನ ಕಿವಿ ಬೇಕಿತ್ತು.

ಹೀಗೆ ಹಳೆಯ ರೆಕಾರ್ಡಿನಿಂದ ಒಂದೊಂದೇ ಪೆಟ್ಟನ್ನು ಎತ್ತಿಕೊಳ್ಳುವ ಕ್ರಮದ ಮುಖ್ಯ ಗುಣವೆಂದರೆ ಅದು ಸದ್ದನ್ನು ನಡೆಯಿಂದ ಬೇರ್ಪಡಿಸಿತು. ಡಿಜೆ ಒಂದು ಬ್ರೇಕನ್ನು ತಿರುಗಿಸಿದಾಗ ಡ್ರಮ್ಮರ್ ನುಡಿಸಿದ ನಡೆಯೇ ಮರಳಿ ಬರುತ್ತದೆ. ಮಾರ್ಲಿಯ ರೀತಿಯಲ್ಲಿ ಕಿಕ್ ಬೇರೆ, ಸ್ನೇರ್ ಬೇರೆ, ಹೈ-ಹ್ಯಾಟ್ (ಜೋಡಿ ತಾಳದಂಥ ಸಿಂಬಲ್) ಬೇರೆ. ಹಿರಿಯ ವಿದ್ವಾಂಸರೊಬ್ಬರ ಮೃದಂಗದಿಂದ ತ, ದಿ, ತೋಂ, ನಂ ಎಂಬ ನಾಲ್ಕು ಪೆಟ್ಟುಗಳನ್ನಷ್ಟೇ ಎತ್ತಿಕೊಂಡು, ಅವರ ನಾದವನ್ನು ಹಾಗೆಯೇ ಉಳಿಸಿ, ನಮಗೆ ಬೇಕಾದ ಗತಿಯಲ್ಲಿ ಹೊಸ ಪಾಠವನ್ನು ನುಡಿಸಿದ ಹಾಗೆ ಇದು.

ಇದಕ್ಕೆ ಅವರು ಹೂಡಿದ ಉಪಾಯ ನೋಡಿದರೆ ಖುಷಿಯಾಗುತ್ತದೆ. ಕಾರ್ಗ್ ಎಸ್‌ಡಿಡಿ-2000 ಎಂಬುದು ಮೂಲತಃ ಪ್ರತಿಧ್ವನಿ ಕೊಡುವ ಡಿಲೇ ಯಂತ್ರ. ಅದರ ಮೆಮೊರಿಯಲ್ಲಿ ಬಹಳ ಚಿಕ್ಕ ತುಣುಕೊಂದನ್ನು ಹಿಡಿದಿಟ್ಟು, ಹೊರಗಿನಿಂದ ಸಂಕೇತ ಬಂದಾಗಲೆಲ್ಲ ಅದನ್ನು ನುಡಿಸುವಂತೆ ಮಾಡಬಹುದು. ರೋಲೆಂಡ್ 808ರ ಹಿಂಬದಿಯಲ್ಲಿ ಇಂಥ ಸಂಕೇತ ಕಳಿಸುವ ಮೂರು ಟ್ರಿಗರ್ ಔಟ್‌ಪುಟ್‌ಗಳಿವೆ. ಒಂದು ಕಾರ್ಗ್‌ನಲ್ಲಿ ಹಳೆಯ ರೆಕಾರ್ಡಿನ ಕಿಕ್, ಇನ್ನೊಂದರಲ್ಲಿ ಸ್ನೇರ್ ತುಂಬಿ, 808ರಿಂದ ತಂತಿ ಎಳೆದರೆ, 808ರ ಗುಂಡಿಗಳ ಸಾಲಿನಲ್ಲಿ ಒತ್ತಿ ಬರೆದ ನಡೆಗೆ ಸರಿಯಾಗಿ ಫಂಕ್ ರೆಕಾರ್ಡಿನ ಡ್ರಮ್ ನುಡಿಯುತ್ತದೆ. ಬೇಕಿದ್ದರೆ 808ರ ಸ್ವಂತ ಕಿಕ್ಕನ್ನೂ ಅದರ ಅಡಿಯಲ್ಲಿ ಸೇರಿಸಿಕೊಂಡು ಮೇಲಿನ ಪೆಟ್ಟಿಗೆ ಕೆಳಗಿನ ಗುಡುಗನ್ನು ಕೊಡಬಹುದು. ಲಕ್ಷಾಂತರ ರೂಪಾಯಿಯ ಫೇರ್‌ಲೈಟ್ ಸ್ಯಾಂಪ್ಲರ್ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಹೀಗೆ ಮನೆಯ ಮೇಜಿನ ಮೇಲೆ ಮಾಡಿಕೊಳ್ಳಲು ಸಾಧ್ಯವಾಯಿತು. ಯಂತ್ರದ ಕೈಪಿಡಿಯನ್ನು ಓದಿ ಅದರ ಉದ್ದೇಶವನ್ನು ಪಕ್ಕಕ್ಕಿಡುವ ಈ ಬುದ್ಧಿ ಸ್ಟುಡಿಯೊದಲ್ಲಿ ತಂತಿ ಜೋಡಿಸಿ ಅಭ್ಯಾಸವಿದ್ದವರಿಗೆ ಮಾತ್ರ ಬರುವಂಥದ್ದು.

ಇದರ ಮೊದಲ ದೊಡ್ಡ ಫಲವಾಗಿ ಜನ ನೆನಪಿಡುವುದು ರ‍್ಯಾಪರ್ ಎಂಸಿ ಶಾನ್ ಜೊತೆಗಿನ ‘ದ ಬ್ರಿಜ್’ ಹಾಡನ್ನು. ಹನಿ ಡ್ರಿಪ್ಪರ್ಸ್ ತಂಡದ 1973ರ ‘ಇಂಪೀಚ್ ದ ಪ್ರೆಸಿಡೆಂಟ್’ನ ಡ್ರಮ್ ಇದರಲ್ಲಿದೆ. ಹೆಡ್‌ಫೋನಿನಲ್ಲಿ ಕೇಳಿದರೆ ಎರಡು ಸಂಗತಿ ಗಮನಕ್ಕೆ ಬರುತ್ತವೆ: ಸ್ನೇರ್ ಒಣಗಿದ್ದು ಮುಖಕ್ಕೆ ಹತ್ತಿರವಾಗಿದೆ, ಮತ್ತು ಶಾನ್‌ನ ದನಿಗೆ ಕೊಟ್ಟಿರುವ ಪ್ರತಿಧ್ವನಿ ಡ್ರಮ್ಮಿನ ಜಾಗಕ್ಕೆ ಕಾಲಿಡುವುದಿಲ್ಲ. ಹಾಡಿನಲ್ಲಿ ಕ್ವೀನ್ಸ್‌ಬ್ರಿಜ್‌ನ ಹೊಗಳಿಕೆಯಿತ್ತು. ಹಿಪ್ ಹಾಪ್ ಹುಟ್ಟಿದ್ದೇ ಅಲ್ಲಿ ಎಂದಂತೆ ಅದು ಬ್ರಾಂಕ್ಸ್‌ನವರ ಕಿವಿಗೆ ಕೇಳಿಸಿ, ಕೆಆರ್‌ಎಸ್-ಒನ್ ಮತ್ತು ಸ್ಕಾಟ್ ಲಾ ರಾಕ್ ಅವರ ಬೂಗಿ ಡೌನ್ ಪ್ರೊಡಕ್ಷನ್ಸ್ ತಂಡ ಹಾಡಿನಲ್ಲೇ ಜವಾಬು ಕೊಟ್ಟಿತು. ಆ ಜಗಳದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಇಲ್ಲಿ ಅದು ಬೇಡ.

ಇದಕ್ಕೂ ಮುಂಚೆ, 1984ರಲ್ಲಿ, ಮಾರ್ಲಿಯ ಅಪಾರ್ಟ್‌ಮೆಂಟಿನಲ್ಲೇ ‘ರೊಕ್ಸಾನ್ಸ್ ರಿವೆಂಜ್’ ಧ್ವನಿಮುದ್ರಣವಾಗಿತ್ತು. ಯುಟಿಎಫ್‌ಓ ತಂಡದ ಹಾಡೊಂದಕ್ಕೆ ಪ್ರತ್ಯುತ್ತರವಾಗಿ ರ‍್ಯಾಪ್ ಮಾಡಿದ ರೊಕ್ಸಾನ್ ಶಾಂಟೆಗೆ ಆಗ ಹದಿನಾಲ್ಕು ವರ್ಷ. ಮನೆಯಲ್ಲಿ ಮುಗಿಸಿದ ರೆಕಾರ್ಡಿಂಗ್ ನೇರವಾಗಿ ರೇಡಿಯೊಗೆ ಹೋಗುವ ದಾರಿಯೂ ಮಾರ್ಲಿಯ ಕೈಯಲ್ಲಿತ್ತು. ಡಬ್ಲ್ಯೂಬಿಎಲ್‌ಎಸ್ ಕೇಂದ್ರದಲ್ಲಿ ಮಿಸ್ಟರ್ ಮ್ಯಾಜಿಕ್ ನಡೆಸುತ್ತಿದ್ದ ‘ರ‍್ಯಾಪ್ ಅಟ್ಯಾಕ್’ ಕಾರ್ಯಕ್ರಮದಲ್ಲಿ ಟರ್ನ್‌ಟೇಬಲ್ ನೋಡಿಕೊಳ್ಳುತ್ತಿದ್ದವರು ಅವರೇ, ಮತ್ತು ಅಲ್ಲಿ ಅವರಿಗಿದ್ದ ಬಿರುದು ‘ಎಂಜಿನಿಯರ್ ಆಲ್ ಸ್ಟಾರ್’. ವಾರವಾರ ತಾನು ಮಿಕ್ಸ್ ಮಾಡಿದ್ದು ಎಫ್‌ಎಂನಲ್ಲಿ, ಕಾರುಗಳ ಸ್ಪೀಕರಿನಲ್ಲಿ, ಬೂಮ್‌ಬಾಕ್ಸಿನಲ್ಲಿ ಹೇಗೆ ಕೇಳುತ್ತದೆ ಎಂದು ತಿಳಿದುಕೊಳ್ಳುವ ಭಾಗ್ಯ ಎಷ್ಟು ಎಂಜಿನಿಯರುಗಳಿಗೆ ಸಿಕ್ಕೀತು?

ಎಂಜಿನಿಯರ್ ಎಂಬ ಪಟ್ಟವೇ ಮುಳುವಾದ ಪ್ರಸಂಗವೂ ಇದೆ. 1986ರಲ್ಲಿ ಡಿಜೆ ಎರಿಕ್ ಬಿ. ಮತ್ತು ರ‍್ಯಾಪರ್ ರಾಕಿಂ ತಮ್ಮ ಮೊದಲ ಹಾಡು ‘ಎರಿಕ್ ಬಿ. ಈಸ್ ಪ್ರೆಸಿಡೆಂಟ್’ಗಾಗಿ ಮಾರ್ಲಿಯ ಮನೆಯ ಸ್ಟುಡಿಯೊಗೆ ಬಂದರು. ಎಲ್ಲರೂ ಕೂಗಿ ರ‍್ಯಾಪ್ ಮಾಡುತ್ತಿದ್ದ ಕಾಲದಲ್ಲಿ ರಾಕಿಂ ಕುಳಿತೇ, ದನಿ ಏರಿಸದೆ, ಮಾತಾಡಿದಷ್ಟೇ ನಿರಾಳವಾಗಿ ಸಾಲುಗಳನ್ನು ಹೇಳಿದ್ದು ಮಾರ್ಲಿಗೂ ಅಲ್ಲಿದ್ದ ಎಂಸಿ ಶಾನ್‌ಗೂ ಮೊದಲಿಗೆ ವಿಚಿತ್ರವಾಗಿ ಕಂಡಿತು. ಆದರೂ ಆ ದನಿ ರೆಕಾರ್ಡಿನಲ್ಲಿ ಹಾಗೆಯೇ ಉಳಿಯಿತು, ಅದೇ ಮುಂದಿನ ತಲೆಮಾರಿಗೆ ಮಾದರಿಯಾಯಿತು. ಹಾಡನ್ನು ಪ್ರೊಡ್ಯೂಸ್ ಮಾಡಿದ್ದು ತಾನೇ ಎಂದು ಮಾರ್ಲಿ ಹೇಳುತ್ತ ಬಂದಿದ್ದಾರೆ. ಸಂಗೀತ ತಂದದ್ದು ತಾನು, ಮಾರ್ಲಿ ಎಂಜಿನಿಯರ್ ಆಗಿದ್ದರು, ಅದಕ್ಕೆ ಹಣವನ್ನೂ ಪಡೆದರು ಎಂಬುದು ಎರಿಕ್ ಬಿ. ಅವರ ವಾದ. ಯಾವ ರೆಕಾರ್ಡಿನ ಬೇಸ್ ಸಾಲನ್ನು ಬಳಸಬೇಕೆಂದು ಸೂಚಿಸಿದವನು ಸಂಗೀತವನ್ನು ಮಾಡಿದಂತೆಯೋ, ಅಥವಾ ಅದನ್ನು ಡ್ರಮ್ಮಿನೊಂದಿಗೆ ಕೂರಿಸಿ ಕೇಳುವಂತೆ ಮಾಡಿದವನೋ? ಹಿಪ್ ಹಾಪ್‌ನಲ್ಲಿ ಈ ಎರಡು ಕೆಲಸಗಳ ನಡುವೆ ಗೆರೆ ಎಳೆಯುವುದು ನಿಜಕ್ಕೂ ಕಷ್ಟ. ಆದರೆ ಡ್ರಮ್ಮಿನ ಸದ್ದೇ ಸಂಗೀತದ ಅರ್ಧ ಭಾಗವಾಗಿರುವ ಪ್ರಕಾರದಲ್ಲಿ, ಆ ಸದ್ದನ್ನು ಕೊಟ್ಟವರನ್ನು ‘ಬರೀ ಎಂಜಿನಿಯರ್’ ಎನ್ನುವುದನ್ನು ನಾನು ಒಪ್ಪಲಾರೆ.

ಕೋಲ್ಡ್ ಚಿಲ್ಲಿನ್ ಎಂಬ ರೆಕಾರ್ಡ್ ಕಂಪನಿಯ ಆಶ್ರಯದಲ್ಲಿ ಮಾರ್ಲಿಯ ಸುತ್ತಲಿನ ರ‍್ಯಾಪರ್‌ಗಳ ಜೂಸ್ ಕ್ರೂ ಬಳಗ ಬೆಳೆದ ವರ್ಷಗಳು ಅವರ ಕೆಲಸದ ಶಿಖರ. ಬಿಜ್ ಮಾರ್ಕಿಯ ‘ಗೋಯಿನ್ ಆಫ್’ ಮತ್ತು ಬಿಗ್ ಡ್ಯಾಡಿ ಕೇನ್‌ನ ‘ಲಾಂಗ್ ಲಿವ್ ದ ಕೇನ್’ ಎರಡೂ 1988ರಲ್ಲಿ ಬಂದವು, ಕೂಲ್ ಜಿ ರ‍್ಯಾಪ್ ಮತ್ತು ಡಿಜೆ ಪೋಲೊ ಅವರ ‘ರೋಡ್ ಟು ದ ರಿಚಸ್’ 1989ರಲ್ಲಿ. ಒಂದೇ ಕೈಯಿಂದ ಬಂದರೂ ಒಂದರಂತೆ ಇನ್ನೊಂದಿಲ್ಲ. ಬಿಜ್‌ನ ತಮಾಷೆಗೆ ಹಿಂದೆ ಸಡಿಲವಾಗಿ ಓಲಾಡುವ ಬೀಟ್, ಕೇನ್‌ನ ವೇಗದ ಮಾತಿಗೆ ಜಾಗ ಬಿಟ್ಟು ಸರಿಯುವ ಬಿಗಿಯಾದ ಬೀಟ್. ಅದೇ 1988ರ ‘ಇನ್ ಕಂಟ್ರೋಲ್, ವಾಲ್ಯೂಮ್ 1’ ಆಲ್ಬಮ್ ರ‍್ಯಾಪರ್ ಬದಲಿಗೆ ಪ್ರೊಡ್ಯೂಸರನ ಹೆಸರಿನಲ್ಲೇ ಬಂತು. ಅದರಲ್ಲಿನ ‘ದ ಸಿಂಫನಿ’ಯಲ್ಲಿ ಓಟಿಸ್ ರೆಡಿಂಗ್ ಹಾಡೊಂದರ ಪಿಯಾನೊ ತುಣುಕಿನ ಮೇಲೆ ಮಾಸ್ಟಾ ಏಸ್, ಕ್ರೇಗ್ ಜಿ, ಕೂಲ್ ಜಿ ರ‍್ಯಾಪ್, ಬಿಗ್ ಡ್ಯಾಡಿ ಕೇನ್ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ನಾಲ್ವರ ದನಿಯ ಎತ್ತರ, ಉಸಿರು, ಮೈಕಿನಿಂದ ದೂರ ಎಲ್ಲವೂ ಬೇರೆ; ಹಿನ್ನೆಲೆ ಮಾತ್ರ ಬಹುಮಟ್ಟಿಗೆ ಬದಲಾಗುವುದಿಲ್ಲ. ಇಷ್ಟಾದರೂ ಹಾಡು ಎಲ್ಲಿಯೂ ಕುಸಿಯುವುದಿಲ್ಲ. ಲೆವೆಲ್ ಹಿಡಿಯಲು ಕಲಿಯುವವರಿಗೆ ನಾನು ಯಾವಾಗಲೂ ಕೇಳಲು ಹೇಳುವ ರೆಕಾರ್ಡಿಂಗ್ ಇದು.

1989ರ ‘ವಾಕಿಂಗ್ ವಿತ್ ಎ ಪ್ಯಾಂಥರ್’ ಆಲ್ಬಮ್ಮಿಗೆ ಬಂದ ಟೀಕೆಯಿಂದ ರ‍್ಯಾಪರ್ ಎಲ್‌ಎಲ್ ಕೂಲ್ ಜೆ ಹೆಸರು ಮಸುಕಾಗಿತ್ತು. ಆ ಆಲ್ಬಮ್ಮಿನ ‘ಜಿಂಗ್ಲಿಂಗ್ ಬೇಬಿ’ ಹಾಡನ್ನು ಮಾರ್ಲಿ ರೀಮಿಕ್ಸ್ ಮಾಡಿದ್ದು ಹಿಡಿಸಿತು, ಮುಂದಿನ ಆಲ್ಬಮ್ ಬಹುಪಾಲು ಅವರ ಕೈಗೇ ಬಂತು. 1990ರ ‘ಮಾಮಾ ಸೆಡ್ ನಾಕ್ ಯೂ ಔಟ್’ನ ಶೀರ್ಷಿಕೆ ಗೀತೆಗೆ ಎಲ್‌ಎಲ್ 1992ರಲ್ಲಿ ಗ್ರ್ಯಾಮಿ ಪಡೆದರು. ಅಷ್ಟರಲ್ಲಿ ಮಾರ್ಲಿಯ ಕೆಲಸ ನಗರದ ಹೊರಗೆ, ಚೆಸ್ಟ್‌ನಟ್ ರಿಜ್‌ನಲ್ಲಿ ‘ಹೌಸ್ ಆಫ್ ಹಿಟ್ಸ್’ ಎಂಬ ಸ್ವಂತ ಸ್ಟುಡಿಯೊಗೆ ಸ್ಥಳಾಂತರವಾಗಿತ್ತು. 1993ರಲ್ಲಿ ಲಾರ್ಡ್ಸ್ ಆಫ್ ದ ಅಂಡರ್‌ಗ್ರೌಂಡ್ ತಂಡದ ಮೊದಲ ಆಲ್ಬಮ್ಮಿನಲ್ಲಿ ಕೆ-ಡೆಫ್ ಎಂಬ ಯುವ ಪ್ರೊಡ್ಯೂಸರ್ ಅವರ ಜೊತೆ ಕೆಲಸ ಮಾಡಿದರು. ರೇಡಿಯೊದಲ್ಲಿ ಮಾರ್ಲಿಯ ಬಳಿ ಬೆಳಕಿಗೆ ಬಂದ ಪೀಟ್ ರಾಕ್ ಆ ದಶಕದ ಅತ್ಯುತ್ತಮ ಪ್ರೊಡ್ಯೂಸರ್‌ಗಳಲ್ಲಿ ಒಬ್ಬರಾದರು.

ಸ್ಯಾಂಪ್ಲಿಂಗ್‌ನ ಸ್ವಾತಂತ್ರ್ಯಕ್ಕೆ ಪೆಟ್ಟು ಬಿದ್ದದ್ದು ಮಾರ್ಲಿಯ ಹಳೆಯ ಬಳಗದವರಿಂದಲೇ ಎಂಬುದು ವಿಪರ್ಯಾಸ. ಬಿಜ್ ಮಾರ್ಕಿ ಮತ್ತೊಬ್ಬರ ಹಾಡನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ (ಆ ಹಾಡಿನಲ್ಲಿ ಮಾರ್ಲಿಯ ಕೈಯಿರಲಿಲ್ಲ) 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಅವರ ವಿರುದ್ಧ ತೀರ್ಪಿತ್ತಿತು. ಅಲ್ಲಿಂದ ಮುಂದೆ ಗುರುತು ಸಿಗುವ ಲೂಪ್ (ಮತ್ತೆ ಮತ್ತೆ ತಿರುಗಿಸುವ ತುಣುಕು) ಬಳಸಬೇಕಾದರೆ ಕಂಪನಿಗಳು ಮೊದಲೇ ಪರವಾನಗಿ ಕೇಳತೊಡಗಿದವು, ಹತ್ತಾರು ಲೂಪುಗಳನ್ನು ಹೆಣೆದು ಆಲ್ಬಮ್ ಮಾಡುವುದು ದುಬಾರಿಯಾಯಿತು. ಒಂದೊಂದೇ ಪೆಟ್ಟನ್ನು ಎತ್ತಿ, ಈಕ್ವಲೈಜರ್‌ನಲ್ಲಿ ಸದ್ದು ತಿದ್ದಿ, ಇನ್ನೊಂದರ ಮೇಲೆ ಪೇರಿಸಿ, ಹೊಸ ನಡೆಗೆ ಹೊಂದಿಸುವ ಮಾರ್ಲಿಯ ಪದ್ಧತಿಗೆ ಅಷ್ಟು ತೊಂದರೆಯಾಗಲಿಲ್ಲ, ಯಾಕೆಂದರೆ ಹಾಗೆ ಎತ್ತಿದ ಕಿಕ್ಕನ್ನು ಮೂಲ ರೆಕಾರ್ಡಿಗೆ ಜೋಡಿಸಿ ಗುರುತು ಹಿಡಿಯುವುದೇ ಕಷ್ಟ. ಇಂದು ಯಾವ ಬೀಟ್ ತಂತ್ರಾಂಶವನ್ನು ತೆರೆದರೂ ಎಡಬದಿಯ ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಕಾಣುವ ಕಿಕ್, ಸ್ನೇರ್, ಹ್ಯಾಟ್ ಕಡತಗಳು ಅದೇ ಪದ್ಧತಿಯ ಮುಂದುವರಿಕೆ. 2007ರಲ್ಲಿ ಕೆಆರ್‌ಎಸ್-ಒನ್ ಜೊತೆ ‘ಹಿಪ್ ಹಾಪ್ ಲಿವ್ಸ್’ ಎಂಬ ಆಲ್ಬಮ್ ಮಾಡುವ ಹೊತ್ತಿಗೆ ಬ್ರಾಂಕ್ಸ್ ಮತ್ತು ಕ್ವೀನ್ಸ್‌ನ ಹಳೆಯ ಜಗಳಕ್ಕೆ ಇಪ್ಪತ್ತು ವರ್ಷ ಕಳೆದಿತ್ತು. ಆ ಆಲ್ಬಮ್ ಇಬ್ಬರ ಹೆಸರಿನಲ್ಲೂ ಬಂತು.