ಹುಣಸೆಹುಳಿಯಲ್ಲಿ ತೊಳೆದ ಆನೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ಮಾವನ ಮನೆ. ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಬದಲಿಸಬೇಕಿತ್ತು, ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಳೇ ಚಾಪೆ, ಒಡೆದ ಭರಣಿ, ಇಲಿ ತಿಂದ ಪಂಚಾಂಗ. ಎಲ್ಲದರ ಹಿಂದೆ ಒಂದು ಕಪ್ಪು ತಗಡಿನ ಟ್ರಂಕು.

ಮಾವ 1961ರಲ್ಲಿ ಮದ್ರಾಸ್ ರೆಜಿಮೆಂಟಿಗೆ ಸೇರಿದವರು. ಹದಿನೈದು ವರ್ಷ ದುಡಿದು ಬಂದು ಅಡಿಕೆ ತೋಟ ಹಿಡಿದರು. ಊರಿನವರಿಗೆ ಈಗಲೂ 'ಪಟ್ಟಾಳದ ಮಾವ'ನೇ.

ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿದ ಒಂದು ಬ್ಯಾಡ್ಜ್ ಸಿಕ್ಕಿತು. ಹಿತ್ತಾಳೆಯದ್ದು, ಹಸಿರು ಕಿಲುಬು ಕಟ್ಟಿತ್ತು. ಅತ್ತೆ ದೇವರ ದೀಪ ತೊಳೆಯಲು ನೆನೆಹಾಕಿದ್ದ ಹುಣಸೆಹುಳಿ ಬಚ್ಚಲ ಕಟ್ಟೆಯಲ್ಲೇ ಇತ್ತು. ಸರಿ, ಸ್ವಲ್ಪ ಬೂದಿಯನ್ನೂ ಸೇರಿಸಿ ಚೆನ್ನಾಗಿ ಉಜ್ಜಿದೆ. ಮೊದಲು ಎರಡು ಕತ್ತಿ ಕಂಡವು, ಒಂದರ ಮೇಲೊಂದು ಅಡ್ಡ ಹಾಕಿದ್ದು. ಆಮೇಲೆ ಗುರಾಣಿ. ಅದರ ಮೇಲೆ ನಿಂತ ಆನೆ. ಆನೆಗೆ ಕಣ್ಣಿರಲಿಲ್ಲ, ಕಿವಿಯ ಗೆರೆಯೂ ನುಣ್ಣಗಾಗಿ ಹೋಗಿತ್ತು. ಕೆಳಗಿನ ಪಟ್ಟಿಯಲ್ಲಿ ಅಕ್ಷರ ಇದ್ದ ಗುರುತು ಬೆರಳಿಗೆ ಸಿಗುತ್ತಿತ್ತು, ಕಣ್ಣಿಗಿಲ್ಲ. ಬೂದಿ ಹಾಕಿ ಕೆಡಿಸಿಬಿಟ್ಟೆನಲ್ಲಾ ಅಂತ ಎದೆ ಧಸಕ್ಕೆಂದಿತು.

ಜಗಲಿಗೆ ತಂದು ಮಾವನ ಕೈಯಲ್ಲಿಟ್ಟೆ.

"ಎಂತ ಮಾಡಿದ್ದು ಮಾರಾಯ ಇದಕ್ಕೆ?"

"ಹುಣಸೆಹುಳಿ..."

"ಇದೆಂತ ಕಾಲುದೀಪವಾ?" ಅಂದರು. ಮತ್ತೆ ಹೆಬ್ಬೆರಳಲ್ಲಿ ಆನೆಯ ಮೈ ಸವರಿದರು. "ಕಣ್ಣು ಹೋದದ್ದು ನಿನ್ನಿಂದ ಅಲ್ಲ. ಅದು ನಾನೇ ತೆಗೆದದ್ದು. ದಿನಾ ಬ್ರಾಸೋ ಹಾಕಿ ಉಜ್ಜಿದರೆ ಆನೆಗೆ ಕಣ್ಣು ಉಳಿಯುತ್ತದಾ?"

ಹೊಸ ಬ್ಯಾಡ್ಜಿನಲ್ಲಿ ಗೆರೆಗಳೆಲ್ಲ ಚೂಪಾಗಿರುತ್ತಿದ್ದವಂತೆ. ಸವೆದ ಆನೆ ಕಂಡರೆ ಇವ ಹಳಬ ಅಂತ ಲೆಕ್ಕ. ಹೊಸಬರು ಬೇಗ ಸವೆಯಲಿ ಅಂತ ಜಾಸ್ತಿ ಉಜ್ಜುತ್ತಿದ್ದರಂತೆ. ಇದು ಯಾವ ಪುಸ್ತಕದಲ್ಲೂ ಸಿಗುವ ವಿಷಯ ಅಲ್ಲ. ನನಗಂತೂ ಆ ದಿನ ಗೊತ್ತಾದದ್ದರಲ್ಲಿ ಇದೇ ದೊಡ್ಡದು.

ಊಟ ಆದ ಮೇಲೆ ಮೊಬೈಲಿನಲ್ಲಿ ಆನೆಯ ಮೂಲ ಹುಡುಕುತ್ತಾ ಕೂತೆ. ಅದು ಅಸ್ಸಾಯೆಯ ಆನೆ. ಅಸ್ಸಾಯೆ ಈಗಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಒಂದು ಹಳ್ಳಿ. 1803ರ ಸೆಪ್ಟೆಂಬರ್ 23ರಂದು ಬ್ರಿಟಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿ ಅಲ್ಲಿ ಮರಾಠರ ಸಿಂಧಿಯಾ ಮತ್ತು ಬೇರಾರದ ರಾಜನ ಸೈನ್ಯವನ್ನು ಸೋಲಿಸಿದ. ಆ ವರ್ಷ ಮಾರ್ಚಿಯಲ್ಲಿ ಅವನು ಪುಣೆಯ ದಾರಿ ಹಿಡಿದದ್ದು ನಮ್ಮ ಹರಿಹರದಿಂದ. ಅವನ ಜೊತೆ ಮೈಸೂರಿನ ಕುದುರೆ ಸವಾರರೂ ಇದ್ದರು. ಗೆದ್ದದ್ದು ಅವನೇ, ಆದರೆ ಅವನ ಕಡೆಯಲ್ಲೇ 1,500ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು. ಅಲ್ಲಿ ಕಾದಾಡಿದ ಮದ್ರಾಸಿನ ಸಿಪಾಯಿ ಪಡೆಗಳಿಗೆ ಗೌರವ ಅಂತ ಸಿಕ್ಕಿದ್ದು ಈ ಆನೆ.

"ಅಂದರೆ ಮಾವ, ಇದು ಬ್ರಿಟಿಷರ ಪರವಾಗಿ ಮರಾಠರನ್ನು ಹೊಡೆದದ್ದಕ್ಕೆ ಸಿಕ್ಕಿದ ಆನೆ," ಅಂದೆ. ಸ್ವಲ್ಪ ಗತ್ತಿನಲ್ಲೇ ಅಂದಿರಬೇಕು.

ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. "ಅಸ್ಸಾಯೆ ಕಥೆ ವೆಲ್ಲಿಂಗ್ಟನ್‌ನಲ್ಲಿ ತರಬೇತಿಯಾಗುವಾಗ ನಮಗೂ ಹೇಳಿದ್ದಾರೆ. ನೀಲಗಿರಿಯ ಚಳಿಯಲ್ಲಿ ಹಲ್ಲು ಕಟಕಟ ಅನ್ನುವಾಗ ಯಾರಿಗೆ ಬೇಕು ಆ ಕಥೆ? ನಾನು ನೋಡಿದ್ದು ಮಧೂರನ್ನು."

ಮಧೂರು ದೇವಸ್ಥಾನ ನೋಡಿದವರಿಗೆ ಗೊತ್ತು, ಅದರ ಮಾಡು ಆನೆಯ ಬೆನ್ನಿನ ಆಕಾರದ್ದು, ಗಜಪೃಷ್ಠ. ಒಳಗೆ ಗಣಪತಿ. ಮನೆಬಿಟ್ಟು ಮೊದಲ ಸಲ ಹೋದ ಹುಡುಗನ ಟೊಪ್ಪಿಯಲ್ಲಿ ಆನೆ ಬಂದು ಕೂತರೆ ಅವನಿಗೆ ವೆಲ್ಲೆಸ್ಲಿ ನೆನಪಾಗುತ್ತಾನಾ? ಮಧೂರಿನ ಪ್ರಸಾದ ಅಪ್ಪದ ಪರಿಮಳವೇ ಬರುತ್ತಿತ್ತು ಅಂದರು ಮಾವ.

ನಾನು ಸುಮ್ಮನಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಯಾಕೆ ಇಟ್ಟುಕೊಳ್ಳಬೇಕಿತ್ತು ಅಂತ ಕೇಳಿದೆ. ಗಣರಾಜ್ಯವಾದಾಗ ಮೇಜರ್ ಸಾಹೇಬರ ಹೆಗಲಿನ ಕಿರೀಟ ತೆಗೆದು ಅಶೋಕನ ಸಿಂಹ ಇಟ್ಟರು. ಆನೆ ಮಾತ್ರ ನಿಂತಲ್ಲೇ ನಿಂತಿತು.

"ಕಿರೀಟ ರಾಜನದ್ದು, ತೆಗೆದರು. ಆನೆ ನಮ್ಮದು. ಸತ್ತವರು ನಮ್ಮವರಲ್ವಾ?" ಅಂದರು ಮಾವ. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಈಗಲೂ ಆಗಿಲ್ಲ. ಅಸ್ಸಾಯೆಯಲ್ಲಿ ಎದುರು ಕಡೆ ಸತ್ತವರೂ ನಮ್ಮವರೇ ಅಲ್ಲವಾ. ಆದರೆ ಆ ಸವೆದ ಆನೆ ಮಾವನ ಅಂಗೈಯಲ್ಲಿರುವಾಗ ಅಷ್ಟು ಹೇಳುವ ಧೈರ್ಯ ಬರಲಿಲ್ಲ.

ರೆಜಿಮೆಂಟಿನ ಧ್ಯೇಯವಾಕ್ಯ ಗೀತೆಯ ಮೂರನೇ ಅಧ್ಯಾಯದ್ದು, 'ಸ್ವಧರ್ಮೇ ನಿಧನಂ ಶ್ರೇಯಃ'. ಅದನ್ನು ಮಾವ ಮೆಲ್ಲಗೆ ಹೇಳಿದರು. ಘೋಷಣೆಯನ್ನು ಮಾತ್ರ ಜಗಲಿ ನಡುಗುವ ಹಾಗೆ ಕೂಗಿದರು: "ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು!" ಹಂಚು ಇಳಿಸುತ್ತಿದ್ದ ಹುಡುಗ ಏಣಿ ಹಿಡಿದುಕೊಂಡ. ಚಿಕ್ಕವನಿದ್ದಾಗ ನಾನು ಅದನ್ನು ಕಾಲಡಿ ಹಾಕಿ ಕೊಲ್ಲು ಅಂತ ತಿಳಿದಿದ್ದೆ. 'ಅಡಿ' ಅಂದರೆ ಹೊಡಿ ಅಂತ ಮಲಯಾಳ ಕಲಿತ ಮೇಲೆ ಗೊತ್ತಾಯಿತು.

ಸಂಜೆ ಅತ್ತೆ, "ದೇವರ ಕೋಣೆಯಲ್ಲಿ ಇಡುವಾ," ಅಂದರು. ಮಾವ ಒಪ್ಪಲಿಲ್ಲ. ಟೊಪ್ಪಿಯದ್ದು ಟೊಪ್ಪಿಯಲ್ಲೇ ಇರಬೇಕಂತೆ. ಟ್ರಂಕನ್ನು ಮತ್ತೆ ಜಾಲಾಡಿದೆ. ಹಸಿರು ಟೊಪ್ಪಿಯಲ್ಲಿ ಉಳಿದದ್ದು ಸುತ್ತಲಿನ ಪಟ್ಟಿ ಮಾತ್ರ, ಉಳಿದದ್ದನ್ನು ನುಸಿ ತಿಂದಿತ್ತು. ಮಾವ ಆ ಪಟ್ಟಿಯನ್ನೇ ಮಡಚಿ, ಬ್ಯಾಡ್ಜನ್ನು ಅದಕ್ಕೆ ಸಿಕ್ಕಿಸಿ, ಕನ್ನಡಕದ ಡಬ್ಬಿಯೊಳಗೆ ಇಟ್ಟರು. ಕನ್ನಡಕ ಆವತ್ತಿನಿಂದ ಕಿಟಕಿಯ ದಂಡೆಯಲ್ಲಿದೆ.

"ಬರುವಾಗ ಪೇಟೆಯಿಂದ ಒಂದು ಬ್ರಾಸೋ ತಾ," ಅಂದರು. "ಸಣ್ಣ ಡಬ್ಬಿ ಸಾಕು."